ತಡವಾದ ಗಾಡಿ, ಮಲಗಿದ ಮರಿ

ಮೈಕಣ್ಣನಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ರೈಲು ನಿಲ್ದಾಣದ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಬರುತ್ತದೆ, ಯಾವುದು ಬರುವುದಿಲ್ಲ, ಯಾವುದು ಬಂದರೂ ಬರಬಹುದು ಎಂದು ಎಲ್ಲರಿಗೂ ಕೇಳುವಂತೆ ಹೇಳುವ ಕೆಲಸಕ್ಕೆ ಸೇರಿದ ಮೇಲೆ ಆ ಹೆಸರನ್ನು ಜನ ಮರೆತೇಬಿಟ್ಟರು. ಸ್ವತಃ ಅವನೇ ಒಮ್ಮೆ ಸಹಿ ಮಾಡುವಾಗ ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಯೋಚಿಸಿದ್ದುಂಟು.

ತನ್ನ ದನಿಯ ಮೇಲೆ ಅವನಿಗಿದ್ದ ಅಭಿಮಾನ ಅಷ್ಟಿಷ್ಟಲ್ಲ. ಸೆಕೆಗಾಲದಲ್ಲೂ ಕೊರಳಿಗೆ ಮಫ್ಲರ್ ಸುತ್ತುತ್ತಿದ್ದ. ತಣ್ಣೀರು ಮುಟ್ಟುತ್ತಿರಲಿಲ್ಲ. ತರಕಾರಿ ಅಂಗಡಿಯಲ್ಲಿ ಚೌಕಾಸಿಯನ್ನು ಕೂಡ "ದಯವಿಟ್ಟು ಗಮನಿಸಿ" ಎಂದೇ ಶುರುಮಾಡುತ್ತಿದ್ದ. ಅಂಗಡಿಯವನು ಗಮನಿಸುತ್ತಿದ್ದ, ಬೆಲೆ ಮಾತ್ರ ಇಳಿಸುತ್ತಿರಲಿಲ್ಲ.

ಈ ಅಭಿಮಾನವೇ ಒಂದು ದಿನ ನಾಲ್ಕು ಕಾಲು, ಒಂದು ಬಾಲ ಸಮೇತ ಮನೆಯೊಳಗೆ ಬಂತು.

ಅದು ಆದದ್ದು ಹೀಗೆ. ನಿಲ್ದಾಣದ ಪಾರ್ಸಲ್ ಶೆಡ್ಡಿನ ಹಿಂದೆ ನಾಯಿಯೊಂದು ಮರಿ ಹಾಕಿತ್ತು. ಉಳಿದ ಮರಿಗಳನ್ನೆಲ್ಲ ಯಾರ್ಯಾರೋ ಕೊಂಡೊಯ್ದರು. ಒಂದು ಮಾತ್ರ, ಎಷ್ಟು ಜನ ಕೊಂಡೊಯ್ದರೂ ಮಾರನೆಯ ಬೆಳಗ್ಗೆಯೇ ವಾಪಸು ಬರುತ್ತಿತ್ತು. ಪಾರ್ಸಲ್ ಗುಮಾಸ್ತ ಚಹಾ ಕುಡಿಯುತ್ತ ಆ ಕಷ್ಟವನ್ನು ಮೈಕಣ್ಣನ ಮುಂದೆ ತೋಡಿಕೊಂಡ.

"ಹಗಲೆಲ್ಲಾ ಚಿನ್ನದಂಥ ಮರಿ ಕಣಯ್ಯ. ರಾತ್ರಿ ದೀಪ ಆರಿಸಿದ್ರೆ ಮುಗೀತು. ಮನೆಗೆ ಬೆಂಕಿ ಬಿದ್ದ ಹಾಗೆ ಕಿರಿಚುತ್ತೆ."

"ಕಿರಿಚುತ್ತೆ ಅಂದ್ರೆ, ಹೇಳೋರು ಸರಿಯಾಗಿ ಹೇಳಿಲ್ಲ ಅಂತ ಅರ್ಥ," ಅಂದ ಮೈಕಣ್ಣ, ಲೋಟ ಕೆಳಗಿಟ್ಟು. "ನಾಯಿಗೆ ಬೇಕಾಗಿರೋದು ದನಿ. ನಾನು ಒಂದು ಮಾತು ಹೇಳಿದ್ರೆ ಎರಡನೇ ಪ್ಲಾಟ್‌ಫಾರ್ಮಲ್ಲಿರೋ ಅಷ್ಟೂ ಜನ ಪೆಟ್ಟಿಗೆ, ಮಕ್ಕಳು ಸಮೇತ ಒಂದನೇದಕ್ಕೆ ಓಡ್ತಾರೆ. ಅಂಗೈಯಗಲದ ಮರಿ ನನ್ನ ಮಾತು ಕೇಳಲ್ವಾ?"

ಗುಮಾಸ್ತ ವಾದಿಸಲಿಲ್ಲ. ಬುದ್ಧಿವಂತರು ಇಂಥ ಹೊತ್ತಿನಲ್ಲಿ ವಾದಿಸುವುದಿಲ್ಲ. ಅರ್ಧ ಚಹಾ ಬಿಟ್ಟು ಎದ್ದುಹೋಗಿ, ಮರಿಯನ್ನು ಬುಟ್ಟಿಯಲ್ಲಿಟ್ಟು ತಂದು ಮೈಕಣ್ಣನ ಮಡಿಲಿಗೇ ಹಾಕಿದ.

ಮೈಕಣ್ಣನ ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಬುಟ್ಟಿ ಕಂಡದ್ದೇ ಯಂತ್ರ ನಿಂತಿತು.

"ರೀ, ಏನ್ರೀ ಇದು?"

"ನಾಯಿಮರಿ."

"ಅದು ಕಾಣ್ಸುತ್ತೆ. ಯಾಕೆ ಅಂತ ಕೇಳಿದ್ದು."

ಯಾಕೆ ಎಂಬುದಕ್ಕೆ ಮೈಕಣ್ಣನ ಬಳಿ ಉದ್ದವಾದ ಉತ್ತರವಿತ್ತು. ದನಿಯ ಮಹಿಮೆಯಿಂದ ಶುರುವಾಗಿ ಎರಡನೇ ಪ್ಲಾಟ್‌ಫಾರ್ಮಿನ ಜನರವರೆಗೆ ಅದು ಹೋಯಿತು. ಹೆಂಡತಿ ಪೂರ್ತಿ ಕೇಳಿ, "ಅಷ್ಟು ಜನ ನಿಮ್ಮ ಮಾತು ಕೇಳ್ತಾರೆ. ಒಗೆದ ಬಟ್ಟೆ ಮಡಚಿಡಿ ಅಂತ ನಾನು ಹೇಳಿದ್ರೆ ನೀವು ಕೇಳಲ್ಲ," ಎಂದಳು. ಅಷ್ಟರಲ್ಲಿ ಮರಿ ಯಂತ್ರದ ಅಡಿಗೆ ನುಸುಳಿ ಅವಳ ಪಾದದ ಮೇಲೆ ಗಲ್ಲ ಇಟ್ಟಿತ್ತು. ಅವಳು ಕಾಲು ಎಳೆದುಕೊಳ್ಳಲಿಲ್ಲ. ಸಂಜೆಯೊಳಗೆ ಅದಕ್ಕೆ ಪೀಪಿ ಎಂದು ಹೆಸರಿಟ್ಟವಳೂ ಅವಳೇ.

ಆ ಹೆಸರು ಎಷ್ಟು ಸರಿ ಎಂಬುದು ದೀಪ ಆರಿಸಿದ ಮೇಲೆ ಗೊತ್ತಾಯಿತು. ಮೈಕಣ್ಣ ತನ್ನ ಗಂಭೀರ ದನಿಯಲ್ಲಿ "ಮಲಗು" ಅಂದ. ಪೀಪಿ ಅದಕ್ಕಿಂತ ಗಂಭೀರವಾದ ದನಿಯಲ್ಲಿ ಉತ್ತರ ಕೊಟ್ಟಿತು, ಬೆಳಕು ಹರಿಯುವವರೆಗೂ ಕೊಡುತ್ತಲೇ ಇತ್ತು.

ಬೆಳಗ್ಗೆ ಬಾಗಿಲು ತೆರೆದರೆ ಮಹಡಿಯ ಮೆಟ್ಟಿಲ ಮೇಲೆ ಮಹಡಿಯಮ್ಮ ನಿಂತಿದ್ದರು. ಮನೆಯ ಒಡತಿ ಅವರು. ಗಂಡ ತೀರಿಕೊಂಡ ಮೇಲೆ ಮಹಡಿಯಲ್ಲಿ ಒಬ್ಬರೇ ಇದ್ದು, ಕೆಳಗಿನ ಭಾಗವನ್ನು ಮೈಕಣ್ಣನಿಗೆ ಬಾಡಿಗೆಗೆ ಕೊಟ್ಟಿದ್ದರು. ಕೂದಲು ಕೆದರಿತ್ತು, ಕಣ್ಣು ಕೆಂಡದ ಹಾಗಿತ್ತು.

"ಮೈಕಣ್ಣನವರೇ, ರಾತ್ರಿ ನಿಮ್ಮನೇಲಿ ಯಾರನ್ನ ಕೊಯ್ತಿದ್ರಿ?"

ಪಕ್ಕದ ಮನೆಯಿಂದ ಲೆಕ್ಕದ ಮೇಷ್ಟ್ರು ಟಾರ್ಚು, ಕೋಲು ಎರಡನ್ನೂ ಹಿಡಿದುಕೊಂಡೇ ಬಂದರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಅವರ ಮುಖದಲ್ಲಿ ಪರೀಕ್ಷೆಯ ಹಾಲ್‌ನ ಗಾಂಭೀರ್ಯ ಹೋಗಿರಲಿಲ್ಲ. "ನಾನು ಪೊಲೀಸರಿಗೆ ಫೋನ್ ಮಾಡೋನಿದ್ದೆ. ಏನಂತ ಹೇಳ್ಬೇಕು ತಿಳೀದೆ ಸುಮ್ನಾದೆ," ಎಂದರು.

ಇಂಥ ಹೊತ್ತಿನಲ್ಲಿ ತಪ್ಪಾಯಿತು ಎಂದು ಒಂದು ಮಾತು ಅಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೈಕಣ್ಣ ಮಫ್ಲರ್ ಸರಿಮಾಡಿಕೊಂಡ.

"ಹೊಸ ಜಾಗ, ನೋಡಿ. ಅದಕ್ಕೇ ಒಂದು ರಾತ್ರಿ ಬಿಟ್ಟಿದ್ದೆ. ಇವತ್ತಿಂದ ನಾನು ಒಂದು ಸಲ ನೋಡಿದ್ರೆ ಸಾಕು, ಬೆಳಗಿನ ತನಕ ಉಸಿರೆತ್ತಲ್ಲ."

"ಎತ್ತಿದ್ರೆ?" ಎಂದರು ಮಹಡಿಯಮ್ಮ.

"ಎತ್ತಿದ್ರೆ ನಾನೇ ಮನೆ ಖಾಲಿ ಮಾಡ್ತೀನಿ."

ಒಳಗೆ ಪಾತ್ರೆಯೊಂದು ಬಿದ್ದ ಸದ್ದಾಯಿತು. "ರೀ!" ಎಂದು ಹೆಂಡತಿ ಹೌಹಾರಿ ಹೊರಗೆ ಬರುವಷ್ಟರಲ್ಲಿ ಮಹಡಿಯಮ್ಮ ಮೇಷ್ಟ್ರ ಕಡೆ ತಿರುಗಿ, "ಕೇಳಿಸ್ಕೊಂಡ್ರಲ್ಲ? ನೀವೇ ಸಾಕ್ಷಿ," ಅಂದಾಗಿತ್ತು.

ಮೇಷ್ಟ್ರು ಒಳ್ಳೆಯವರು. ಮಹಡಿಯಮ್ಮ ಮೇಲೆ ಹೋದ ಮೇಲೆ ಮೈಕಣ್ಣನನ್ನು ಕಾಂಪೌಂಡಿನ ಮೂಲೆಗೆ ಕರೆದು ಗುಟ್ಟಾಗಿ ಒಂದು ಉಪಾಯ ಹೇಳಿದರು. ಮರಿಗೆ ತಾಯಿಯ ನೆನಪಾಗುತ್ತದೆ. ಟಿಕ್ ಟಿಕ್ ಅನ್ನುವ ಗಡಿಯಾರವನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ ತಾಯಿಯ ಎದೆಬಡಿತ ಅಂದುಕೊಂಡು ಮಲಗುತ್ತದೆ. ಮೈಕಣ್ಣ ಹಾಗೆಯೇ ಮಾಡಿದ. ಪೀಪಿ ಕಿವಿಯಾನಿಸಿ ಮಲಗಿಯೂ ಮಲಗಿತು. ಗಡಿಯಾರದ ಅಲಾರಾಂ ತೆಗೆಯುವುದನ್ನು ಮಾತ್ರ ಅವನು ಮರೆತಿದ್ದ. ನಸುಕಿನಲ್ಲಿ ತಾಯಿಯ ಎದೆ ಗಣಗಣ ಬಾರಿಸತೊಡಗಿದಾಗ ಆ ಮರಿಗೆ ಆದ ಆಘಾತವನ್ನು ಬಣ್ಣಿಸುವುದು ಕಷ್ಟ. ಮೇಷ್ಟ್ರು ಮಂಚದಿಂದ ಬಿದ್ದರು.

"ಅಲಾರಾಂ ತೆಗೀಬೇಕು ಅಂತ ಅದನ್ನ ಬೇರೆ ಹೇಳ್ಬೇಕಿತ್ತಾ?" ಎಂದು ಸೊಂಟ ಹಿಡಿದುಕೊಂಡು ಬಂದರು.

"ಕೂಗಿದ್ದು ಗಡಿಯಾರ. ನಾಯಿ ಅಲ್ಲ," ಎಂದು ಮೈಕಣ್ಣ ಮೆಟ್ಟಿಲ ಕಡೆ ಮುಖ ಮಾಡಿ ಗಟ್ಟಿಯಾಗಿ ಹೇಳಿದ. ಮಹಡಿಯಮ್ಮ ಹಲ್ಲು ಕಚ್ಚಿ ಒಪ್ಪಿಕೊಂಡರು. ಮಾತು ಮಾತೇ.

ಮಾರನೆಯ ರಾತ್ರಿ ಮೈಕಣ್ಣ ಬುಟ್ಟಿಯ ಪಕ್ಕದಲ್ಲಿ ಮೊಣಕಾಲು ಕಟ್ಟಿಕೊಂಡು ಕೂತ. ಪೀಪಿ ಬಾಯಿ ತೆರೆದಾಗಲೆಲ್ಲ ಒಂದು ಬಿಸ್ಕತ್ತು ಇಡುತ್ತಿದ್ದ. ಬಿಸ್ಕತ್ತು ಮುಗಿಯುವ ಹೊತ್ತಿಗೆ ಅವನಿಗೇ ತೂಕಡಿಕೆ ಹತ್ತಿತು. ವರ್ಷಗಟ್ಟಲೆಯ ಅಭ್ಯಾಸ ನೋಡಿ, ಕಣ್ಣು ಮುಚ್ಚಿದರೂ ಬಾಯಿ ತಾನಾಗಿ ತೆರೆದುಕೊಂಡಿತು. "ದಯವಿಟ್ಟು ಗಮನಿಸಿ. ಈಗ ಬರಬೇಕಾಗಿದ್ದ ಗಾಡಿ ತಡವಾಗಿ ಬರಲಿದೆ. ನಿಮಗಾಗುವ ತೊಂದರೆಗಾಗಿ ನಾವು ವಿಷಾದಿಸುತ್ತೇವೆ."

ಪೀಪಿ ಬಾಯಿ ತುಂಬ ಆಕಳಿಸಿ, ಮೂತಿಯನ್ನು ಮುಂಗಾಲ ಮೇಲಿಟ್ಟು ನಿದ್ದೆ ಹೋಯಿತು.

ಮೈಕಣ್ಣನ ತೂಕಡಿಕೆ ಹಾರಿಹೋಯಿತು. ಕಣ್ಣುಜ್ಜಿಕೊಂಡು ನೋಡಿದ, ನಂಬಲಾಗಲಿಲ್ಲ. ನಂಬದೆ ಇರುವುದಕ್ಕೆ ಏನೂ ಇರಲಿಲ್ಲ ಎನ್ನಿ. ಪಾರ್ಸಲ್ ಶೆಡ್ಡಿನ ಹಿಂಗೋಡೆಯ ಮೇಲೇ ನಿಲ್ದಾಣದ ದೊಡ್ಡ ಧ್ವನಿವರ್ಧಕವಿದೆ. ಆ ಮರಿ ಕಣ್ಣು ಬಿಡುವ ಮೊದಲೇ ಕೇಳಿದ್ದು ಮೈಕಣ್ಣನ ದನಿ. ತಾಯಿಯ ಹಾಲಿನ ಜೊತೆಗೆ ಕುಡಿದದ್ದು ತಡವಾದ ಗಾಡಿಗಳ ಸುದ್ದಿ. ಪ್ರಯೋಗಕ್ಕೆಂದು ಅವನು "ಗಾಡಿ ಇನ್ನೇನು ಬರುತ್ತಿದೆ" ಎಂದು ಹೇಳಿ ನೋಡಿದ. ಪೀಪಿ ದಡಕ್ಕನೆ ಎದ್ದು ಕಿವಿ ನಿಮಿರಿಸಿತು. "ತಡವಾಗಿದೆ, ವಿಷಾದಿಸುತ್ತೇವೆ" ಅಂದ. ಮತ್ತೆ ಮಲಗಿತು. ನಡುನಡುವೆ ಎಚ್ಚರಾಗಿ ಮುಲುಗಿದಾಗಲೆಲ್ಲ ಇನ್ನೊಂದು ಗಾಡಿಯನ್ನು ತಡಮಾಡಬೇಕಾಗುತ್ತಿತ್ತು, ಅಷ್ಟೇ.

ಹೆಂಡತಿಗೆ ಇದೊಂದೂ ತಿಳಿಯಲಿಲ್ಲ. ದಿನವೆಲ್ಲ ಯಂತ್ರದ ಸದ್ದು ಕೇಳಿ ದಣಿದ ಅವಳು ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ಒಳಕೋಣೆಯಲ್ಲಿ ಮಲಗಿದರೆ ಬೆಳಗ್ಗೆಯೇ ಏಳುವುದು. "ಹೇಗ್ರೀ ಮಲಗಿಸಿದ್ರಿ?" ಎಂದು ಆಶ್ಚರ್ಯದಿಂದ ಕೇಳಿದಳು.

"ಒಂದು ನೋಟ. ಅಷ್ಟೇ."

ರಾತ್ರಿಯೆಲ್ಲ ನಾಯಿಯ ಮುಂದೆ ಕೂತು ರೈಲ್ವೆ ಪರವಾಗಿ ವಿಷಾದಿಸಿದೆ ಎಂದು ಯಾವ ಗಂಡಸು ಹೇಳಿಕೊಳ್ಳುತ್ತಾನೆ? ಮಹಡಿಯಮ್ಮನಿಗೂ ಒಂದು ನೋಟ ಅಂದ. ಮೇಷ್ಟ್ರಿಗೂ ಒಂದು ನೋಟ ಅಂದ. ನಿಲ್ದಾಣದಲ್ಲಿ ಪಾರ್ಸಲ್ ಗುಮಾಸ್ತನಿಗೆ ಆ ನೋಟವನ್ನು ಮಾಡಿಯೂ ತೋರಿಸಿದ.

ಆದರೆ ಗೋಡೆ ತೆಳುವಾಗಿತ್ತು. ಗಾಡಿಯ ಹೆಸರು, ಊರು ಎಲ್ಲ ಗೋಡೆಯ ಈಚೆಗೇ ಉಳಿದು, ಆಚೆಗೆ ದಾಟುತ್ತಿದ್ದದ್ದು ಮೈಕಣ್ಣ ಒತ್ತಿ ಹೇಳುತ್ತಿದ್ದ ಕೊನೆಯ ಭಾಗ ಮಾತ್ರ. ತೊಂದರೆ, ವಿಷಾದ, ದಯವಿಟ್ಟು ಸಹಕರಿಸಿ. ರಾತ್ರಿ ಮಲಗುವಾಗ ಒಮ್ಮೆ, ಎಚ್ಚರಾದಾಗ ಒಮ್ಮೆ, ಬೆಳಗಿನ ಜಾವ ಮತ್ತೊಮ್ಮೆ. ಮೇಷ್ಟ್ರು ಮೊದಲು ಲೆಕ್ಕ ಇಡಲು ನೋಡಿದರು. ಆಮೇಲೆ ಕೈಬಿಟ್ಟು ಮಹಡಿಯಮ್ಮನ ಬಳಿಗೆ ಹೋದರು.

"ನಿಮಗೂ ಕೇಳಿಸ್ತಿದೆಯಾ?"

"ಕೇಳಿಸದೆ ಏನು? ಕಣ್ಣು ಮುಚ್ಚಿದ್ರೆ ತಾನೇ ನಾನು," ಎಂದರು ಮಹಡಿಯಮ್ಮ, ಎದೆಯ ಮೇಲೆ ಕೈಯಿಟ್ಟುಕೊಂಡು. "ಹೆಂಡ್ತಿ ಹತ್ರ ಒಂದು ರಾತ್ರಿ ಕ್ಷಮೆ ಕೇಳಿದ್ರೆ ಅದು ಜಗಳ ಅನ್ಬಹುದು. ದಿನಾ ರಾತ್ರಿ ಕೇಳಿದ್ರೆ ಏನನ್ಬೇಕು ಮೇಷ್ಟ್ರೇ?"

"ತಪ್ಪು ದೊಡ್ಡದಿರ್ಬೇಕು. ಇಲ್ಲಾ ಹೆಂಡತಿ ದೊಡ್ಡೋಳಿರ್ಬೇಕು."

"ಆ ಹುಡುಗಿ ಬಾಯಿ ಬಿಟ್ಟು ಮಾತಾಡಿದ್ದೇ ನಾನು ಕಂಡಿಲ್ಲ. ಅಂಥವಳು ಗಂಡನ್ನ ರಾತ್ರಿಯೆಲ್ಲಾ ಗೋಳಾಡಿಸ್ತಾಳೆ ಅಂದ್ರೆ!" ಮಹಡಿಯಮ್ಮ ಅಂದೇ ಮೈಕಣ್ಣನ ಹೆಂಡತಿಯ ಅಣ್ಣನಿಗೆ ಫೋನ್ ಮಾಡಿಸಿದರು.

ಅಣ್ಣ ಪಕ್ಕದ ಊರಿನಲ್ಲಿ ಕಾರು ಕಲಿಸುವ ಶಾಲೆ ನಡೆಸುತ್ತಿದ್ದ. ಹೊಸಬರ ಪಕ್ಕದ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತು ಕೂತು ಅವನಿಗೆ ಒಂದು ಚಾಳಿ ಅಂಟಿಕೊಂಡಿತ್ತು. ಮಾತು ಅಪಾಯದ ಕಡೆ ತಿರುಗಿತೆಂದರೆ ಬಲಗಾಲು ತಾನಾಗಿ ನೆಲವನ್ನು ಬ್ರೇಕಿನಂತೆ ಒತ್ತುತ್ತಿತ್ತು. ಅವನು ಮಾರನೆಯ ಬೆಳಗ್ಗೆಯೇ ಬಂದು ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತ. ಮಹಡಿಯಮ್ಮ, ಮೇಷ್ಟ್ರು ಅವನ ಎರಡೂ ಬದಿಗೆ ಕೂತರು. ಮೈಕಣ್ಣನೂ ಹೆಂಡತಿಯೂ ಏನೊಂದೂ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೋಡಮ್ಮಾ ತಂಗಿ," ಎಂದ ಅಣ್ಣ, "ಸಂಸಾರ ಅಂದ್ಮೇಲೆ ಸ್ವಲ್ಪ ನಿಧಾನಕ್ಕೆ ಓಡಿಸ್ಬೇಕು. ಗಂಡನ್ನ ಇಷ್ಟು ಹಿಂಡೋದು ಒಳ್ಳೇದಲ್ಲ."

"ನಾನು ಯಾರನ್ನಣ್ಣ ಹಿಂಡಿದೆ?"

"ಇನ್ನು ಮುಚ್ಚಿಡೋದು ಯಾಕಮ್ಮ," ಎಂದರು ಮಹಡಿಯಮ್ಮ. "ನಮಗೆಲ್ಲಾ ಕೇಳ್ಸುತ್ತೆ. ಪಾಪ, ರಾತ್ರಿಯೆಲ್ಲಾ ನಿನ್ನ ಮುಂದೆ ಕೂತು ಕ್ಷಮೆ ಕೇಳ್ತಾರೆ. ಕಲ್ಲಾದ್ರೂ ಕರಗ್ಬೇಕು."

ಹೆಂಡತಿ ಕಕ್ಕಾಬಿಕ್ಕಿಯಾದಳು. ಅವಳ ಕೈಯಲ್ಲಿದ್ದ ಅಳತೆ ಪಟ್ಟಿ ಜಾರಿತು. ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ರಾತ್ರಿಯೆಲ್ಲಾ ಕ್ಷಮೆ ಕೇಳ್ತಿದ್ರಾ? ನನ್ನ ಹತ್ರ? ನಾನು ಮಲಗಿದ್ಮೇಲೆ?"

ಮೈಕಣ್ಣ ಮಫ್ಲರ್ ಬಿಚ್ಚಿ ಮತ್ತೆ ಸುತ್ತಿಕೊಂಡ.

"ಏನ್ರೀ ಮಾಡಿದ್ರಿ?"

"ಏನೂ ಮಾಡಿಲ್ಲ ಕಣೇ!"

"ಏನೂ ಮಾಡ್ದೇ ಇರೋರು ರಾತ್ರಿಯೆಲ್ಲಾ ಯಾಕ್ರೀ ಕ್ಷಮೆ ಕೇಳ್ತಾರೆ?"

ಅಣ್ಣನ ಕಾಲು ನೆಲವನ್ನು ಜೋರಾಗಿ ಒತ್ತಿತು. ಹಿಂಡುವ ಹೆಂಡತಿಯನ್ನು ತಡೆಯಲು ಬಂದವನಿಗೆ ದಾರಿ ದಿಢೀರನೆ ಇನ್ನೆಲ್ಲಿಗೋ ತಿರುಗಿದ್ದು ಕಂಡಿತ್ತು. ಮಹಡಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆವರೆಗೆ ಪಾಪದ ಮೈಕಣ್ಣನಾಗಿದ್ದವನು ಅವರ ಕಣ್ಣೆದುರಿಗೇ ಪಾಪಿ ಮೈಕಣ್ಣನಾಗಿಬಿಟ್ಟ.

ಬೇರೆ ದಾರಿಯಿರಲಿಲ್ಲ. "ಹೇಳ್ತಿದ್ದದ್ದು ನಾಯಿಗೆ," ಅಂದ.

"ಏನಂತ?" ಎಂದರು ಮೇಷ್ಟ್ರು.

"ಗಾಡಿ ಲೇಟು ಅಂತ."

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅವನನ್ನು ನೋಡಿದರು. ಹಾಗೆ ನೋಡಿದ್ದರಿಂದ ಅವನೇನೂ ಬದಲಾಗಲಿಲ್ಲ.

"ಒಂದು ನೋಟ ಅಂದಿದ್ರಿ?" ಎಂದಳು ಹೆಂಡತಿ.

"ಅದು ಸುಳ್ಳು. ಇದು ನಿಜ. ಬೇಕಾದ್ರೆ ಈಗ್ಲೇ ತೋರಿಸ್ತೀನಿ." ಮೈಕಣ್ಣ ಪೀಪಿಯನ್ನು ಎತ್ತಿ ತಂದು ಎಲ್ಲರ ನಡುವೆ ಇಟ್ಟ. ಎದೆ ಸೆಟೆಸಿ, "ದಯವಿಟ್ಟು ಗಮನಿಸಿ. ಗಾಡಿ ತಡವಾಗಿ ಬರಲಿದೆ," ಎಂದ. ಹಾಡಹಗಲು, ಮನೆ ತುಂಬ ನೆಂಟರು; ಪೀಪಿಗೆ ಎಲ್ಲಿಯ ನಿದ್ದೆ? ಅದು ಬಾಲ ಬೀಸುತ್ತ ಒಬ್ಬೊಬ್ಬರನ್ನೇ ಮೂಸಿತು. "ವಿಷಾದಿಸುತ್ತೇವೆ," ಎಂದು ಮೈಕಣ್ಣ ಬೇಡಿಕೊಂಡ. ಪೀಪಿ ಸಂತೋಷ ತಾಳಲಾರದೆ ಅಣ್ಣನ ಬಲಗಾಲಿನ ಬೂಟನ್ನು ಒದ್ದೆ ಮಾಡಿತು. ಅಣ್ಣ ಬ್ರೇಕು ಒತ್ತುವಷ್ಟರಲ್ಲಿ ಕಾಲ ಮೀರಿತ್ತು.

ಹೆಂಡತಿ ಎದ್ದು ನಿಂತಳು. ಕಣ್ಣು ತುಂಬಿತ್ತು. "ಅಣ್ಣ, ನಾಳೆ ನಾನೂ ನಿನ್ ಜೊತೆ ಬರ್ತೀನಿ. ಇವರಿಗೆ ನಿಜ ಹೇಳ್ಬೇಕು ಅನ್ಸಿದಾಗ ಹೇಳಿ ಕಳಿಸ್ಲಿ."

"ನಾನೂ ನಾಳೆ ಸಾಯಂಕಾಲದ ಗಾಡಿಗೆ ತಂಗಿ ಊರಿಗೆ ಹೊರಟಿದೀನಿ," ಎಂದರು ಮಹಡಿಯಮ್ಮ. "ಈ ಮನೇಲಿ ನಿದ್ದೆ ಅನ್ನೋದು ನನ್ನ ಹಣೇಲಿ ಬರೆದಿಲ್ಲ. ವಾಪಸ್ ಬಂದಾಗ ಆ ಮರಿ ಇಲ್ಲಿರ್ಬಾರ್ದು. ಮರಿ ಇದ್ರೆ ನೀವಿರ್ಬಾರ್ದು."

ಮಾರನೆಯ ದಿನ ಸಂಜೆ ಮೂವರೂ ಒಂದೇ ಗಾಡಿಗೆ ನಿಲ್ದಾಣಕ್ಕೆ ಬಂದರು. ಮಹಡಿಯಮ್ಮ ನೇರವಾಗಿ ಹೆಂಗಸರ ವಿಶ್ರಾಂತಿ ಕೋಣೆಗೆ ಹೋಗಿ ಬೆಂಚಿನ ಮೇಲೆ ಕೂತರು. ಹೆಂಡತಿ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ, ಅಣ್ಣ ಸಾಮಾನಿನ ಪಕ್ಕದಲ್ಲಿ. ಗಾಜಿನ ಕೋಣೆಯಲ್ಲಿ ಮೈಕಣ್ಣನಿದ್ದ. ಮನೆಯಲ್ಲಿ ಯಾರೂ ಇಲ್ಲದ್ದರಿಂದ ಪೀಪಿಯನ್ನು ಕೈಚೀಲದಲ್ಲಿ ಅಡಗಿಸಿ ತಂದು ಮೇಜಿನ ಕೆಳಗೆ ಇಟ್ಟಿದ್ದ.

ಗಾಡಿ ತಡವಾಯಿತು. ನಿಜವಾಗಿಯೇ ತಡವಾಯಿತು. ಎಲ್ಲಿದೆ, ಯಾವಾಗ ಬರುತ್ತದೆ ಎಂದು ಸ್ಟೇಷನ್ ಮಾಸ್ಟರಿಗೂ ಗೊತ್ತಿರಲಿಲ್ಲ. ಜನ ಟಿಕೆಟ್ ಕೌಂಟರಿಗೆ ಮುತ್ತಿಗೆ ಹಾಕಿದರು. ಮೈಕಣ್ಣ ಮತ್ತೆ ಮತ್ತೆ ವಿಷಾದಿಸಿದ. ಪೀಪಿ ಚೀಲದಲ್ಲಿ ನೆಮ್ಮದಿಯಾಗಿ ಮಲಗಿತ್ತು. ಅಷ್ಟರಲ್ಲಿ ಸಿಟ್ಟಿಗೆದ್ದ ಪ್ರಯಾಣಿಕನೊಬ್ಬ ಕೊಡೆಯಿಂದ ಗಾಜಿಗೆ ಬಡಿದ. ಪೀಪಿ ಬೆಚ್ಚಿಬಿದ್ದು ಕುಂಯ್‌ಗುಡತೊಡಗಿತು. ಸ್ಟೇಷನ್ ಮಾಸ್ಟರಿಗೆ ಕೇಳಿಸಿದರೆ ಕೆಲಸಕ್ಕೇ ಸಂಚಕಾರ. ಮೈಕಣ್ಣ ಗಾಬರಿಯಿಂದ ಅದನ್ನೆತ್ತಿ ಮಡಿಲಲ್ಲಿಟ್ಟುಕೊಂಡು ಬಗ್ಗಿದ. ಮೈಕಿನ ಕೆಂಪು ದೀಪ ಉರಿಯುತ್ತಲೇ ಇತ್ತು.

"ಅಳ್ಬೇಡ ಕಂದಾ," ಎಂದಿತು ಇಡೀ ನಿಲ್ದಾಣ. "ಎಷ್ಟು ಅತ್ರೂ ಅಷ್ಟೇ. ಯಾರೂ ಬರಲ್ಲ."

ಕೌಂಟರಿನ ಮುಂದಿನ ಗದ್ದಲ ಕತ್ತರಿಸಿದಂತೆ ನಿಂತಿತು.

"ಯಾವಾಗ ಬರುತ್ತೋ ನನಗೂ ಗೊತ್ತಿಲ್ಲ. ಗೊತ್ತಿರೋನ ಹಾಗೆ ಕೂತಿದೀನಿ, ಅಷ್ಟೇ."

ಪ್ರಯಾಣಿಕರು ಕೆತ್ತಿದ ಬೊಂಬೆಗಳಂತೆ ನಿಂತರು. ಈ ಸಂಗತಿಯ ಬಗ್ಗೆ ಅವರಿಗೆ ಮೊದಲಿನಿಂದಲೂ ಅನುಮಾನವಿತ್ತು. ಆದರೆ ರೈಲ್ವೆಯವರ ಬಾಯಿಂದಲೇ ಕೇಳುತ್ತೇವೆಂದು ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ. ಕೊಡೆಯವನು ಕೊಡೆ ಕೆಳಗಿಳಿಸಿದ.

"ಕೂಗಾಡಿ ಏನು ಬಂತು? ಸುಮ್ನೆ ಕಾಲು ಚಾಚ್ಕೊಂಡು ಮಲ್ಕೋ. ಬೆಳಗಾಗ್ಲಿ, ನೋಡೋಣ."

ಅಷ್ಟು ಮಮತೆಯಿಂದ ಯಾವ ಪ್ರಕಟಣೆಯೂ ಈವರೆಗೆ ಬಂದಿರಲಿಲ್ಲ. ಮೊದಲು ಒಬ್ಬ ಮುದುಕ ಶಾಲು ಹಾಸಿದ. ಅವನನ್ನು ನೋಡಿ ಇನ್ನೊಬ್ಬರು ಚೀಲ ತಲೆಗಿಟ್ಟರು. ನೋಡನೋಡುತ್ತ ಪ್ಲಾಟ್‌ಫಾರ್ಮಿನ ಅರ್ಧ ಜನ ಅಡ್ಡಾದರು. ಒಬ್ಬ ಕೌಂಟರಿಗೆ ಹೋಗಿ ವಿನಯದಿಂದ ದಿಂಬು ಸಿಗುತ್ತದೆಯೇ ಎಂದು ಕೇಳಿದ. ಟಿಕೆಟ್ ಕೊಡುವವನು ಬೆಪ್ಪಾಗಿ ಅವನನ್ನೇ ನೋಡುತ್ತಿದ್ದ.

ದನಿ ಮಾತ್ರ ನಿಲ್ಲಲಿಲ್ಲ. ಅದೀಗ ಸ್ವಲ್ಪ ಗದ್ಗದವಾಗಿತ್ತು. "ನಿನ್ನಮ್ಮ ಕೋಪ ಮಾಡ್ಕೊಂಡು ಹೊರಟಳು ನೋಡು. ರಾತ್ರಿಯೆಲ್ಲಾ ಗಾಡಿ ಲೇಟು, ವಿಷಾದಿಸುತ್ತೇವೆ ಅಂತ ಹೇಳಿದ್ದು ಯಾರಿಗೆ? ನಿನಗೆ. ಅದು ಬಿಟ್ರೆ ನಿನಗೆ ನಿದ್ದೆ ಬರಲ್ಲ. ಇದನ್ನ ಹೇಳಿದ್ರೆ ಯಾರು ನಂಬ್ತಾರೆ? ಒಂದು ನೋಟಕ್ಕೆ ಮಲಗಿಸ್ತೀನಿ ಅಂತ ಬಡಾಯಿ ಕೊಚ್ಚಿದ ಮೂರ್ಖ ನಾನು. ಅವಳಿಲ್ದೇ ಇದ್ರೆ ನನಗೂ ನಿದ್ದೆ ಬರಲ್ಲ ಕಣೋ. ಹಾಗಂತ ನಿನ್ನ ಎಲ್ಲಿ ಬಿಟ್ಟು ಬರ್ಲಿ? ನಾಯಿ ಜಾತಿ ಆದ್ರೇನು, ನೀನೂ ಮಗೂನೇ ಅಲ್ವಾ?"

ಬೆಂಚಿನ ಮೇಲೆ ಕೂತಿದ್ದ ಹೆಂಡತಿಗೆ ಮೈಯೆಲ್ಲ ಬಿಸಿಯೇರಿತು. ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ಕಣ್ಣೊರೆಸಿಕೊಂಡು, "ಯಾರೋ ಪಾಪ, ದೇವರಂಥ ಮನುಷ್ಯ. ಹೆಂಡ್ತಿಗೆ ಎದೇಲಿ ಏನಿದೆಯೋ, ಕಲ್ಲೋ ಇಟ್ಟಿಗೆಯೋ," ಎಂದಳು. ಹೆಂಡತಿ ಎದ್ದು, ಮಲಗಿದವರನ್ನು ದಾಟುತ್ತ ಗಾಜಿನ ಕೋಣೆಯ ಕಡೆ ಓಡಿದಳು.

ಅವಳಿಗಿಂತ ಮೊದಲು ಸ್ಟೇಷನ್ ಮಾಸ್ಟರು ತಲುಪಿದ್ದರು. ಬಾಗಿಲು ತಳ್ಳಿ, "ರೀ! ಮೈಕು! ಮೈಕು!" ಎಂದಷ್ಟೇ ಅಂದರು. ಮೈಕಣ್ಣ ತಲೆಯೆತ್ತಿ ಕೆಂಪು ದೀಪ ನೋಡಿದ. ಮಡಿಲಲ್ಲಿ ಮರಿ ಇದ್ದುದರಿಂದ ಗುಂಡಿಗೆ ಕೈ ಎಟುಕಲಿಲ್ಲ. ಹಿಂದಿನಿಂದ ಬಂದ ಹೆಂಡತಿಯೇ ಕೈ ಚಾಚಿ ಅದನ್ನು ಆರಿಸಿದಳು.

"ನಿಂಗೆ... ಕೇಳಿಸ್ತಾ?" ಅಂದ ಮೈಕಣ್ಣ.

"ಮೂರು ಊರಿಗೆ ಕೇಳಿಸ್ತು," ಎಂದು ಅವಳು ಪೀಪಿಯನ್ನು ಅವನ ಮಡಿಲಿನಿಂದ ಎತ್ತಿಕೊಂಡಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಮರಿ ಅವಳ ಹೆಗಲ ಮೇಲೆ ಗಲ್ಲವಿಟ್ಟು ಎರಡು ಸಲ ಬಿಕ್ಕಿ ಕಣ್ಣು ಮುಚ್ಚಿತು.

ಸ್ಟೇಷನ್ ಮಾಸ್ಟರು ಬೈಯಲು ಬಾಯಿ ತೆರೆದದ್ದೇ ತಡ, ಫೋನು ಬಡಿದುಕೊಂಡಿತು. ಗಾಡಿ ಹಿಂದಿನ ನಿಲ್ದಾಣ ಬಿಟ್ಟಾಗಿದೆ. "ಅನೌನ್ಸ್ ಮಾಡ್ರೀ! ಬೇಗ! ಎಲ್ಲಾ ಮಲಗ್ಬಿಟ್ಟಿದಾರೆ!" ಎಂದು ಕೂಗಿದರು.

ಮೈಕಣ್ಣ ಗುಂಡಿ ಒತ್ತಿ ಎದೆ ತುಂಬ ಉಸಿರು ಎಳೆದುಕೊಂಡ.

"ಶ್!" ಎಂದಳು ಹೆಂಡತಿ. "ಈಗ ತಾನೇ ಮಲಗಿದಾನೆ. ಮೆಲ್ಲಗೆ ಹೇಳಿ."

ಒಂದು ಕಡೆ ರೈಲ್ವೆ ಇಲಾಖೆ, ಇನ್ನೊಂದು ಕಡೆ ಈಗಷ್ಟೇ ವಾಪಸು ಬಂದ ಹೆಂಡತಿ. ಸಂಸಾರಸ್ಥನಿಗೆ ಇದರಲ್ಲಿ ಯೋಚಿಸುವಂಥದ್ದೇನಿದೆ? ಮೈಕಣ್ಣ ಮೈಕಿಗೆ ತುಟಿ ತಾಗಿಸಿ ಗುಟ್ಟು ಹೇಳುವವನಂತೆ ಪಿಸುಗುಟ್ಟಿದ: "ಗಾಡಿ ಬರ್ತಿದೆ. ಒಂದನೇ ಪ್ಲಾಟ್‌ಫಾರ್ಮು. ಮೆಲ್ಲಗೆ ಎದ್ದೇಳಿ."

ನಿಲ್ದಾಣದ ಅಷ್ಟೂ ಧ್ವನಿವರ್ಧಕಗಳು ಒಟ್ಟಿಗೆ ಪಿಸುಗುಟ್ಟಿದ್ದನ್ನು ಕೇಳಿ ಜನ ಬೆಚ್ಚಿ ಎದ್ದರು. ಪ್ರತಿಯೊಬ್ಬನಿಗೂ ಯಾರೋ ತನ್ನ ಕಿವಿಯಲ್ಲೇ ಹೇಳಿದಂತಾಗಿತ್ತು. ಅಷ್ಟರಲ್ಲಿ ಗಾಡಿಯೇ ಎದುರಿಗೆ ಬಂದು ನಿಂತಿತು. ಆಮೇಲಿನದು ಕೇಳಬೇಡಿ. ಒಬ್ಬನ ಚಪ್ಪಲಿ ಇನ್ನೊಬ್ಬನ ಕಾಲಿಗೆ, ಒಬ್ಬಳ ಚೀಲ ಇನ್ನೊಬ್ಬಳ ಹೆಗಲಿಗೆ. ತಂಗಿ ಹೆಂಗಸರ ಡಬ್ಬಿ ಹತ್ತಿರಬೇಕೆಂದುಕೊಂಡು ಅಣ್ಣ ಇಬ್ಬರ ಸಾಮಾನನ್ನೂ ಹೊತ್ತು ಹಾರಿ ಹತ್ತಿದ. ಗಾಡಿ ಹೊರಟ ಮೇಲೆ ಗಾಜಿನ ಕೋಣೆಯಲ್ಲಿ ತಂಗಿ ಕಂಡಳು. ಬಾಗಿಲಲ್ಲಿ ನಿಂತು ಬಲಗಾಲನ್ನು ಬಲವಾಗಿ ಒತ್ತಿದ. ಗಾಡಿ ನಿಲ್ಲಲಿಲ್ಲ.

"ನಾಳೆ ಆ ನಾಯಿ ಇಲ್ಲಿ ಕಂಡ್ರೆ ನಿಮ್ಮಿಬ್ಬರನ್ನೂ ಒಂದೇ ಪಾರ್ಸಲ್ ಮಾಡಿ ಕಳಿಸ್ತೀನಿ," ಎಂದರು ಸ್ಟೇಷನ್ ಮಾಸ್ಟರು. ಆದರೆ ಅವರ ದನಿಯಲ್ಲಿ ಕಾವಿರಲಿಲ್ಲ. ಗಾಡಿ ಇಷ್ಟು ತಡವಾದರೂ ಒಬ್ಬನೂ ತಮ್ಮ ಕಾಲರು ಹಿಡಿಯದ ಮೊದಲ ಸಂಜೆ ಅದು ಎಂಬುದು ಅವರಿಗೂ ಹೊಳೆದಿತ್ತು.

ಅಷ್ಟರಲ್ಲಿ ಕಸ ಗುಡಿಸುವವಳು ಬಂದು, ಹೆಂಗಸರ ಕೋಣೆಯಲ್ಲಿ ಯಾರೋ ಅಮ್ಮ ಮಲಗಿಬಿಟ್ಟಿದ್ದಾರೆ, ಎಷ್ಟು ಕರೆದರೂ ಏಳುತ್ತಿಲ್ಲ ಎಂದಳು. ಗಂಡ, ಹೆಂಡತಿ, ಸ್ಟೇಷನ್ ಮಾಸ್ಟರು ಮೂವರೂ ಓಡಿದರು. ಬೆಂಚಿನ ಮೇಲೆ ಮಹಡಿಯಮ್ಮ ಕೈಯನ್ನೇ ದಿಂಬು ಮಾಡಿಕೊಂಡು, ಬಾಯಿ ಅರ್ಧ ತೆರೆದು ಗೊರಕೆ ಹೊಡೆಯುತ್ತಿದ್ದರು. ಟಿಕೆಟ್ಟು ಇನ್ನೂ ಮುಷ್ಟಿಯಲ್ಲಿತ್ತು. ಗಾಡಿ ಹೋಗಿ ಆಗಿತ್ತು.

ಎಬ್ಬಿಸುವವರು ಯಾರು ಎಂದು ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಇನ್ನು ಮನೆ ಹೋದದ್ದೇ ಸರಿ ಎಂದು ಮೈಕಣ್ಣ ಮನಸ್ಸಿನಲ್ಲೇ ಪಾತ್ರೆಪಗಡ ಕಟ್ಟತೊಡಗಿದ. ಅವನೇ ಹತ್ತಿರ ಹೋಗಿ ಅವರ ಕೈ ಮುಟ್ಟಿದ. ಮಹಡಿಯಮ್ಮ ಕಣ್ಣು ತೆರೆದು, ಎದ್ದು ಕೂತು, ಖಾಲಿ ಪ್ಲಾಟ್‌ಫಾರ್ಮನ್ನು ನೋಡಿದರು.

"ಗಾಡಿ ಹೋಯ್ತಾ?"

"ಹೋಯ್ತಮ್ಮ. ತಪ್ಪು ನನ್ನದೇ. ನಾಳೆ ಬೆಳಗ್ಗೆನೇ ಮನೆ ಖಾಲಿ..."

"ಹೋಗ್ಲಿ ಬಿಡಿ," ಎಂದರು ಮಹಡಿಯಮ್ಮ.

ಮೂವರಿಗೂ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ.

"ಮರಿ ಬರೋಕೆ ಮುಂಚೆ ಏನು ನಾನು ಮಲಗ್ತಿದ್ದೆ ಅಂದ್ಕೊಂಡ್ರಾ? ಯಜಮಾನ್ರು ಹೋದ್ಮೇಲೆ ನನಗೆ ನಿದ್ದೆ ಅಂತ ಬಂದೇ ಇಲ್ಲ. ರಾತ್ರಿಯೆಲ್ಲಾ ಗೋಡೆ ನೋಡ್ತಾ ಬಿದ್ದಿರ್ತಿದ್ದೆ. ಹೇಳ್ಕೊಳ್ಳೋಕೆ ನಾಚಿಕೆ. ನಾಯಿ ಬಂತು, ಒಂದು ನೆಪ ಸಿಕ್ತು." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಇವತ್ತು ನೀವು ಮೇಲಿಂದ ಮೇಲೆ ಹೇಳ್ತಿದ್ರಲ್ಲ, ನಿಮಗಾಗುವ ತೊಂದರೆಗೆ ವಿಷಾದಿಸುತ್ತೇವೆ ಅಂತ. ಈ ವಯಸ್ಸಿನ ತನಕ ನನ್ನ ತೊಂದ್ರೆಗೆ ಅಂತ ಯಾರೂ ಒಂದು ಮಾತು ವಿಷಾದಿಸಿರ್ಲಿಲ್ಲ ಮೈಕಣ್ಣನವರೇ. ಕೇಳ್ತಾ ಕೇಳ್ತಾ ಅದು ಹೇಗೆ ಕಣ್ಣು ಹತ್ತಿತೋ."

ಸ್ಟೇಷನ್ ಮಾಸ್ಟರು ಮುಖ ಬೇರೆ ಕಡೆ ತಿರುಗಿಸಿದರು. ಹೆಂಡತಿ ಮಹಡಿಯಮ್ಮನ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡಳು.

"ಮರಿ ಇರ್ಲಿ," ಎಂದರು ಮಹಡಿಯಮ್ಮ. ಆಮೇಲೆ ಒಡತಿಯ ದನಿ ವಾಪಸು ಬಂತು. "ಆದ್ರೆ ಇನ್ಮೇಲೆ ಬಾಯೊಳಗೆ ಗೊಣಗೋದು ಬೇಡ. ಗಾಡಿ ಯಾವುದು, ಎಲ್ಲಿಗೆ ಹೋಗುತ್ತೆ, ಎಲ್ಲಾ ಮಹಡಿಗೆ ಕೇಳೋ ಹಾಗೆ ಸರಿಯಾಗಿ ಹೇಳ್ಬೇಕು."

ಮೈಕಣ್ಣ ಹಾಗೆಯೇ ಹೇಳಿದ. ಲೆಕ್ಕದ ಮೇಷ್ಟ್ರು ಮೊದಮೊದಲು ಹೆಂಡತಿಯಿಂದ ಕಿವಿಗೆ ಹತ್ತಿ ಕೇಳಿ ಪಡೆದರು. ಆಮೇಲೆ ಹತ್ತಿಯಿಲ್ಲದೆಯೇ ಮಲಗತೊಡಗಿದರು. ದಿನ ಕಳೆದಂತೆ ಪೀಪಿ ಬೆಳೆಯಿತು, ಬುಟ್ಟಿ ಸಾಲದಾಯಿತು. ಎಚ್ಚರಾಗಿ ಮುಲುಗುವುದು ಕಡಿಮೆಯಾಗಿ, ಆಮೇಲೆ ನಿಂತೇಹೋಯಿತು. ಕೊನೆಗೊಂದು ದಿನ ಊಟ ಮುಗಿದದ್ದೇ ಅದು ತಾನಾಗಿ ಮೂಲೆಗೆ ಹೋಗಿ, ಮೈಕಣ್ಣ ಬಾಯಿ ತೆರೆಯುವ ಮೊದಲೇ ಉದ್ದಕ್ಕೆ ಕಾಲು ಚಾಚಿ ನಿದ್ದೆ ಹೋಯಿತು. ಗಂಡ ಹೆಂಡತಿ ಬಾಗಿಲಲ್ಲಿ ನಿಂತು ಅದನ್ನೇ ನೋಡಿದರು. ಮೈಕಣ್ಣನಿಗೆ ಮಗ ಪರೀಕ್ಷೆ ಪಾಸು ಮಾಡಿದಷ್ಟು ಹೆಮ್ಮೆಯಾಯಿತು. ಇನ್ನು ಮೇಲೆ ತಾನೂ ಎಲ್ಲರಂತೆ ಮಲಗಬಹುದು ಎಂದು ದೀಪ ಆರಿಸಿ, ಹಾಸಿಗೆಯ ಮೇಲೆ ಬಿದ್ದು ನೆಮ್ಮದಿಯ ಉಸಿರು ಬಿಟ್ಟ.

ಆಗ ಮೇಲಿನಿಂದ ಕಿಟಕಿ ತೆರೆದ ಸದ್ದಾಯಿತು. ಅದರ ಹಿಂದೆಯೇ ಗಾಬರಿಯ ದನಿ.

"ಮೈಕಣ್ಣನವರೇ! ಏನು, ಇವತ್ತು ಗಾಡಿ ಸರಿಯಾದ ಹೊತ್ತಿಗೇ ಬಂದ್ಬಿಡ್ತಾ?"